ಹೋಮರ್ ಪಾರಿವಾಳ ಸಾಕೋದು, ಪಳಗಿಸೋದು, ರೇಸ್‌ಗೆ ಬಿಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಗೂಡು ನೋಡೋಕೆ ಬರೋ ಹುಡುಗರು, ಫೋನ್ ಮಾಡೋರು, ವಾಟ್ಸಾಪಲ್ಲಿ ಹಕ್ಕಿ ಫೋಟೋ ಕಳಿಸಿ "ಇದಕ್ಕೇನಾಗಿದೆ ನೋಡಿ" ಅನ್ನೋರು, ಎಲ್ರೂ ಸುತ್ತಿ ಬಳಸಿ ಇವನ್ನೇ ಕೇಳ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದ್ದೀನಿ. ಉದಾಹರಣೆ ಎಲ್ಲ ಬೆಂಗಳೂರಿನ ಲೆಕ್ಕದಲ್ಲಿದೆ, ಬೇರೆ ಊರಿನೋರು ನಿಮ್ಮ ದಿಕ್ಕು, ನಿಮ್ಮ ಹವೆಗೆ ಹೊಂದಿಸ್ಕೊಳಿ.

## ಹೊಸಬರಿಗೆ

ಸರ್, ಹೋಮರ್ ಅಂದ್ರೆ ದೇವಸ್ಥಾನದ ಗೋಪುರದ ಮೇಲೆ ಕೂರುತ್ತಲ್ಲ ಅದೇ ಪಾರಿವಾಳನಾ? ಟಿಪ್ಲರ್‌ಗೂ ಇದಕ್ಕೂ ಏನ್ ವ್ಯತ್ಯಾಸ?

ಮೂಲ ಒಂದೇ, ಬಂಡೆ ಸಂದಿಲಿ ಗೂಡು ಕಟ್ಟೋ ಕಾಡು ಪಾರಿವಾಳ. ಅದರಿಂದಾನೇ ಸಾವಿರಾರು ವರ್ಷದಲ್ಲಿ ಮನುಷ್ಯ ಬೇರೆ ಬೇರೆ ತಳಿ ಮಾಡಿದ. ಈಗ ನಾವು ರೇಸ್‌ಗೆ ಬಿಡೋ ಹೋಮರ್ ಇದೆಯಲ್ಲ, ಅದು 19ನೇ ಶತಮಾನದಲ್ಲಿ ಬೆಲ್ಜಿಯಂನಲ್ಲಿ ರೂಪ ತಗೊಂಡ ತಳಿ, ಎದೆ ಅಗಲ, ರೆಕ್ಕೆ ಗಟ್ಟಿ, ಕೈಗೆ ತಗೊಂಡ್ರೆ ಬಿಗಿಯಾಗಿರುತ್ತೆ. ಟಿಪ್ಲರ್, ಹೈಫ್ಲೈಯರ್ ಎಲ್ಲ ಮನೆ ಮೇಲೇ ಎತ್ತರಕ್ಕೆ ಹೋಗಿ ಗಂಟೆಗಟ್ಟಲೆ ನಿಲ್ಲೋ ಹಕ್ಕಿಗಳು, ಅದರ ಪಂದ್ಯ ಎಷ್ಟು ಹೊತ್ತು ಹಾರ್ತು ಅನ್ನೋದ್ರ ಮೇಲೆ. ಹೋಮರ್ ಪಂದ್ಯ ದೂರದ ಊರಿಂದ ಎಷ್ಟು ಬೇಗ ತನ್ನ ಗೂಡಿಗೆ ಬಂತು ಅನ್ನೋದ್ರ ಮೇಲೆ. ಎರಡನ್ನೂ ಒಂದೇ ಗೂಡಲ್ಲಿ ಸಾಕ್ಬೇಡಿ, ಹಾರೋ ರೀತಿ ಬೇರೆ, ತಿನ್ನೋ ಲೆಕ್ಕ ಬೇರೆ, ಒಂದರ ಅಭ್ಯಾಸ ಇನ್ನೊಂದಕ್ಕೆ ಕೆಡುತ್ತೆ.

ಎಲ್ಲೋ ಹೈದರಾಬಾದಲ್ಲಿ ಬಿಟ್ರೆ ಬೆಂಗಳೂರಲ್ಲಿ ನಮ್ಮನೇನೇ ಹೆಂಗೆ ಹುಡುಕುತ್ತೆ? ಬುಟ್ಟಿಲಿ ಹೋಗ್ವಾಗ ದಾರಿ ನೋಡ್ಕೊಂಡಿರುತ್ತಾ?

ಇಲ್ಲ, ಬುಟ್ಟಿ ಮುಚ್ಚಿದ್ರೂ ಬರುತ್ತೆ. ಒಂದೇ ಉತ್ತರ ವಿಜ್ಞಾನಿಗಳ ಹತ್ರಾನೂ ಇಲ್ಲ, ಆದ್ರೆ ತುಂಬಾ ವಿಷಯ ಗೊತ್ತಾಗಿದೆ. ಹಕ್ಕಿಗೆ ಎರಡು ಬೇಕು, ನಾನೀಗ ಮನೆಯಿಂದ ಯಾವ ಕಡೆ ಇದ್ದೀನಿ ಅನ್ನೋದು, ಆಮೇಲೆ ಮನೆ ದಿಕ್ಕು ಯಾವುದು ಅನ್ನೋದು. ದಿಕ್ಕಿಗೆ ಸೂರ್ಯನ್ನ ಬಳಸುತ್ತೆ, ಮೈಯೊಳಗಿನ ಗಡಿಯಾರದ ಜೊತೆ ಹೊಂದಿಸಿ. ಕೃತಕ ಬೆಳಕಲ್ಲಿಟ್ಟು ಆ ಗಡಿಯಾರನ ಆರು ಗಂಟೆ ಹಿಂದೆ ಮುಂದೆ ಮಾಡಿದ್ರೆ ಹಕ್ಕಿ ಸುಮಾರು 90 ಡಿಗ್ರಿ ತಪ್ಪು ದಿಕ್ಕಿಗೆ ಹೊರಡುತ್ತೆ. ಮೋಡ ಇದ್ದಾಗ ಭೂಮಿಯ ಅಯಸ್ಕಾಂತ ಶಕ್ತಿ ನೆರವಿಗೆ ಬರುತ್ತೆ ಅಂತ ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಹಕ್ಕಿ ಬೆನ್ನಿಗೆ ಪುಟ್ಟ ಅಯಸ್ಕಾಂತ ಕಟ್ಟಿ ತೋರಿಸಿದ್ರು, ಬಿಸಿಲಲ್ಲಿ ಸರಿಯಾಗಿ ಹೋದ ಹಕ್ಕಿಗಳು ಮೋಡದ ದಿನ ದಿಕ್ಕು ತಪ್ಪಿದವು. ಯಾವ ಕಡೆ ಇದ್ದೀನಿ ಅನ್ನೋದಕ್ಕೆ ವಾಸನೆ ಮುಖ್ಯ ಅಂತ ಇಟಲಿಯ ಫ್ಲೋರಿಯಾನೋ ಪಾಪಿ ತಂಡದೋರು 1970ರ ದಶಕದಿಂದ ಪ್ರಯೋಗ ಮಾಡಿದ್ರು, ವಾಸನೆ ನರ ಕಡಿದ ಹಕ್ಕಿಗಳು ಹೊಸ ಜಾಗದಿಂದ ಮನೆ ಮುಟ್ಟಲಿಲ್ಲ. ಗೂಡಲ್ಲಿ ಕೂತ್ಕೊಂಡೇ ಮರಿ ಯಾವ ಕಡೆ ಗಾಳಿಗೆ ಯಾವ ವಾಸನೆ ಅಂತ ಕಲೀತಾ ಇರುತ್ತೆ, ಅದಕ್ಕೇ ಗಾಳಿ ಆಡದ ಮುಚ್ಚಿದ ಗೂಡಲ್ಲಿ ಬೆಳೆದ ಮರಿ ದಾರೀಲಿ ಒದ್ದಾಡುತ್ತೆ. ಪರಿಚಯದ ಜಾಗಕ್ಕೆ ಬಂದ್ಮೇಲೆ ಕಣ್ಣು ಕೆಲಸ ಮಾಡುತ್ತೆ, ಹೈವೇ ಹಿಡ್ಕೊಂಡು ಬಂದು ಜಂಕ್ಷನ್‌ನಲ್ಲಿ ತಿರುಗೋ ಹಕ್ಕಿಗಳನ್ನ ಆಕ್ಸ್‌ಫರ್ಡ್‌ನೋರು ಬೆನ್ನಿಗೆ ಟ್ರ್ಯಾಕರ್ ಕಟ್ಟಿ ನೋಡಿದ್ದಾರೆ.

ರೇಸ್ ಗೆದ್ದ ದೊಡ್ಡ ಹಕ್ಕಿನೇ ದುಡ್ಡು ಕೊಟ್ಟು ತಂದುಬಿಟ್ರೆ ಆಗಲ್ವಾ? ಮರಿ ಸಾಕೋ ರಗಳೆ ಯಾಕೆ?

ತಂದು ಬಿಟ್ರೆ ಅದು ಹಳೇ ಮನೆಗೆ ಹೋಗುತ್ತೆ ಅಷ್ಟೇ. ವರ್ಷಗಟ್ಟಲೆ ಕೂಡಿ ಹಾಕಿದ್ದು ಬಿಟ್ರೂ ಹೋಗುತ್ತೆ. ಹೋಮರ್‌ನ ಗುಣನೇ ಅದು, ಆ ಗುಣ ಇಲ್ದೆ ಇದ್ರೆ ಅದನ್ನ ಸಾಕೋದೇ ಬೇಡ. ದೊಡ್ಡ ಹಕ್ಕಿ ತಂದ್ರೆ ಒಳಗೇ ಇಟ್ಟು ಜೋಡಿ ಹಾಕಿ ಮರಿ ತೆಗೀಬೇಕು, ಆ ಮರಿ ನಿಮ್ಮನೆ ಹಕ್ಕಿ ಆಗುತ್ತೆ. ಹೊಸಬರಿಗೆ ನನ್ನ ಮಾತು ಅಂದ್ರೆ ನಿಮ್ಮ ಏರಿಯಾದಲ್ಲಿ ಪ್ರತಿ ವರ್ಷ ಒಂದೇ ಸಮ ಹಕ್ಕಿ ಬರಿಸ್ಕೊಳೋ ಒಬ್ಬ ಹಿರಿಯರನ್ನ ಹುಡುಕಿ, ಅವರ ಹತ್ರ ಕೈ ಮುಗಿದು ಹತ್ತು ಹನ್ನೆರಡು ಮರಿ ಕೇಳಿ, ನಾಲ್ಕರಿಂದ ಐದು ವಾರದ್ದು, ಕಾಲಲ್ಲಿ ನಂಬರ್ ರಿಂಗ್ ಇರೋದು. ಒಂದೇ ಒಂದು ಸಲ ಕಪ್ ಹೊಡೆದೋರಿಗಿಂತ ಹತ್ತು ವರ್ಷ ಸುಮಾರಾಗಿ ಚೆನ್ನಾಗಿ ಆಡಿರೋರು ಮೇಲು, ಅವರ ಹಕ್ಕಿಗಿಂತ ಅವರ ಸಲಹೆಗೆ ಬೆಲೆ ಜಾಸ್ತಿ.

ಟೆರೇಸ್ ಮೇಲೆ ಗೂಡು ಕಟ್ಬೇಕು, ಎಷ್ಟು ದೊಡ್ಡದು, ಯಾವ ಕಡೆ ಮುಖ?

8 ಅಡಿ ಉದ್ದ 6 ಅಡಿ ಅಗಲ ಇದ್ರೆ ಇಪ್ಪತ್ತು ಇಪ್ಪತ್ತೈದು ಹಕ್ಕಿ ಆರಾಮಾಗಿರ್ತವೆ, ಅದಕ್ಕೆ ನಲವತ್ತು ತುಂಬೋಕೆ ಹೋಗ್ಬೇಡಿ. ಜಾಸ್ತಿ ಹಕ್ಕಿ ತುಂಬಿದ ಗೂಡಲ್ಲಿ ಕಾಯಿಲೆ ಹೋಗೋದೇ ಇಲ್ಲ. ಬೆಂಗಳೂರಲ್ಲಿ ಮುಖ ಪೂರ್ವಕ್ಕಿದ್ರೆ ಒಳ್ಳೇದು, ಬೆಳಗಿನ ಬಿಸಿಲು ಒಳಗೆ ಬೀಳುತ್ತೆ, ಮುಂಗಾರಲ್ಲಿ ಪಶ್ಚಿಮದಿಂದ ಹೊಡೆಯೋ ಎರಚಲು ಹಿಂದಿನ ಗೋಡೆಗೆ ಬೀಳುತ್ತೆ. ಕೆಳಗಿಂದ ಗಾಳಿ ಬರ್ಬೇಕು, ಮೇಲಿಂದ ಬಿಸಿ ಗಾಳಿ ಆಚೆ ಹೋಗ್ಬೇಕು, ಆದ್ರೆ ಕೂತ ಹಕ್ಕಿ ಮೈಗೆ ನೇರ ಗಾಳಿ ಬಡೀಬಾರ್ದು. ಬರೀ ತಗಡಿನ ಶೀಟ್ ಹಾಕಿದ್ರೆ ಮಾರ್ಚಲ್ಲಿ ಒಳಗೆ ಕುದಿಯುತ್ತೆ, ಕೆಳಗೆ ಒಂದು ಪ್ಲೈವುಡ್ಡೋ ಬಿದಿರಿನ ತಟ್ಟಿನೋ ಕೊಡಿ. ಪ್ರತಿ ಹಕ್ಕಿಗೂ ಅದರದ್ದೇ ಕೂರೋ ಪೆಟ್ಟಿಗೆ ಇರ್ಬೇಕು, ಇದು ತುಂಬಾ ಜನ ಕಡೆಗಣಿಸೋ ವಿಷಯ. ತನ್ನ ಜಾಗ ಅಂತ ಒಂದಿದ್ರೇನೇ ಅದಕ್ಕೆ ಓಡಿ ಬರೋಕೆ ಮನಸ್ಸಿರೋದು. ಬೆಕ್ಕು, ಇಲಿ, ಪುನುಗು ಬೆಕ್ಕು ನುಗ್ಗದ ಹಾಗೆ ಸಣ್ಣ ಕಣ್ಣಿನ ಮೆಶ್ ಹಾಕಿಸಿ, ದುಡ್ಡು ಉಳಿಸೋ ಜಾಗ ಇದಲ್ಲ.

ಮನೇಲಿ ಮಗೂಗೆ ಅಸ್ತಮಾ ಇದೆ, ಪಾರಿವಾಳ ಸಾಕಿದ್ರೆ ತೊಂದ್ರೆನಾ? ಎಲ್ರೂ ಹೆದರಿಸ್ತಾರೆ.

ಹೆದರಿಸೋದ್ರಲ್ಲಿ ಅರ್ಥ ಇದೆ, ತಳ್ಳಿ ಹಾಕ್ಬೇಡಿ. ಒಣಗಿದ ಹಿಕ್ಕೆ ಧೂಳು, ರೆಕ್ಕೆಯಿಂದ ಉದುರೋ ಬಿಳಿ ಪುಡಿ ವರ್ಷಗಟ್ಟಲೆ ಉಸಿರಲ್ಲಿ ಹೋದ್ರೆ ಕೆಲವರಿಗೆ ಶ್ವಾಸಕೋಶದಲ್ಲಿ ಅಲರ್ಜಿ ತರಹದ ಊತ ಬರುತ್ತೆ, ಪಾರಿವಾಳ ಸಾಕೋರ ಕಾಯಿಲೆ ಅಂತಾನೇ ಡಾಕ್ಟರುಗಳು ಕರೀತಾರೆ. ಗೂಡು ಕ್ಲೀನ್ ಮಾಡಿದ ಕೆಲವು ಗಂಟೆ ಆದ್ಮೇಲೆ ಒಣ ಕೆಮ್ಮು, ಚಳಿ ಜ್ವರ, ಎದೆ ಬಿಗಿತ ಬಂದ್ರೆ ಫ್ಲೂ ಅಂತ ಸುಮ್ನೆ ಇರ್ಬೇಡಿ, ಎದೆ ಡಾಕ್ಟರಿಗೆ ತೋರಿಸಿ, ಪಾರಿವಾಳ ಇದೆ ಅಂತ ಬಾಯಿ ಬಿಟ್ಟು ಹೇಳಿ, ಬಿಟ್ರೆ ಶ್ವಾಸಕೋಶ ಗಟ್ಟಿಯಾಗಿ ವಾಪಸ್ ಸರಿ ಹೋಗಲ್ಲ. ಅಸ್ತಮಾ ಇರೋ ಮಗು ಮನೇಲಿದ್ರೆ ಡಾಕ್ಟರ್ ಒಪ್ಪೋವರೆಗೂ ಶುರು ಮಾಡ್ಬೇಡಿ. ಬೇರೆಯವರೂ ಅಷ್ಟೇ, ಎನ್95 ಮಾಸ್ಕ್ ಇಲ್ದೆ ಗೂಡು ಕೆರೀಬೇಡಿ, ಒಣ ಪೊರಕೆ ಹಾಕೋ ಬದಲು ಸ್ವಲ್ಪ ನೀರು ಚಿಮುಕಿಸಿ ಕೆರೀರಿ, ಗೂಡಿನ ಬಟ್ಟೆ ಬೇರೆ ಇಟ್ಕೊಳಿ, ಅದರಲ್ಲೇ ಬೆಡ್‌ರೂಮಿಗೆ ಹೋಗ್ಬೇಡಿ.

## ದಿನದ ಸಾಕಣೆ

ಅಣ್ಣ ಏನೇನ್ ಕಾಳು ಹಾಕ್ಬೇಕು, ಅಂಗಡಿ ಮಿಕ್ಸ್ ಸಾಕಾ?

ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ, ಇಪ್ಪತ್ತೈದು ಹಕ್ಕಿಗೆ ಮುಕ್ಕಾಲು ಕೆಜಿ. ಮೆಕ್ಕೆಜೋಳ, ಬಿಳಿ ಜೋಳ, ಗೋಧಿ, ಸಜ್ಜೆ ಇವು ಶಕ್ತಿಗೆ, ಬಟಾಣಿ, ಹೆಸರುಕಾಳು, ಕಡಲೆ ಇವು ಮೈ ಕಟ್ಟೋಕೆ, ಕುಸುಬೆ, ಸೂರ್ಯಕಾಂತಿ, ಶೇಂಗಾ ಇವು ಕೊಬ್ಬಿಗೆ. ಮರಿ ಸಾಕೋ ಟೈಮಲ್ಲಿ ಬೇಳೆಕಾಳು ಜಾಸ್ತಿ, ಸುಮ್ನೆ ಕೂತಿರೋ ತಿಂಗಳಲ್ಲಿ ಬಾರ್ಲಿ ಜಾಸ್ತಿ. ಬಾರ್ಲಿಲಿ ಇನ್ನೊಂದು ಉಪಯೋಗ ಇದೆ, ಹಕ್ಕಿಗೆ ಅದು ಎಲ್ಲಕ್ಕಿಂತ ಕಡೇ ಇಷ್ಟ, ಅದನ್ನ ತಟ್ಟೇಲಿ ಬಿಡೋಕೆ ಶುರು ಮಾಡ್ತು ಅಂದ್ರೆ ಹೊಟ್ಟೆ ತುಂಬ್ತು ಅಂತ. ಅಂಗಡಿ ಮಿಕ್ಸ್ ತಗೊಂಡ್ರೂ ಪರವಾಗಿಲ್ಲ, ಕೈ ಹಾಕಿ ಮೂಸಿ ನೋಡಿ, ಮುಗ್ಗಲು ವಾಸನೆ ಬಂದ್ರೆ ಬೇಡವೇ ಬೇಡ, ಮಳೆಗಾಲದಲ್ಲಿ ಶೇಂಗಾ, ಮೆಕ್ಕೆಜೋಳಕ್ಕೆ ಹಿಡಿಯೋ ಬೂಷ್ಟಿನ ವಿಷ ಹಕ್ಕಿ ಲಿವರ್ ತಿಂದು ಹಾಕುತ್ತೆ. ಗ್ರಿಟ್ ಯಾವಾಗ್ಲೂ ಇರ್ಬೇಕು, ಚಿಪ್ಪಿನ ಪುಡಿ, ಸಣ್ಣ ಕಲ್ಲು, ಸ್ವಲ್ಪ ಇದ್ದಿಲು, ಚಿಟಿಕೆ ಉಪ್ಪು, ಹಲ್ಲಿಲ್ಲದ ಪ್ರಾಣಿ ಅದು, ಕಲ್ಲಿಂದಾನೇ ಹೊಟ್ಟೇಲಿ ಕಾಳು ಅರೀಬೇಕು. ನೀರು ದಿನಕ್ಕೆರಡು ಸಲ ಬದಲಾಯಿಸಿ.

ಮರಿಗೆ ಕಾಲಿಗೆ ರಿಂಗ್ ಯಾವ ದಿನ ಹಾಕೋದು? ಲೇಟಾದ್ರೆ ಏನ್ ಮಾಡೋದು?

ಮೊಟ್ಟೆ ಎರಡು ಇಡುತ್ತೆ, ಸುಮಾರು 18 ದಿನಕ್ಕೆ ಮರಿ ಆಚೆ ಬರುತ್ತೆ, ಏಳನೇ ದಿನದ ಆಸುಪಾಸು ರಿಂಗ್ ಹಾಕೋಕೆ ಸರಿಯಾದ ಟೈಮ್. ಮುಂದಿನ ಮೂರು ಬೆರಳು ಒಟ್ಟು ಮಾಡಿ ರಿಂಗ್ ತೂರಿಸಿ, ಹಿಂದಿನ ಬೆರಳನ್ನ ಕಾಲಿಗೆ ಅಂಟಿಸಿ ಮೇಲಕ್ಕೆ ಜರುಗಿಸಿ ಬೆರಳು ಬಿಡಿಸಿ. ರಿಂಗ್ ಮೇಲೆ ಸಂಸ್ಥೆ ಅಕ್ಷರ, ವರ್ಷ, ನಂಬರ್ ಇರುತ್ತೆ, ಅದೇ ಅದರ ಜನ್ಮ ದಾಖಲೆ, ರಿಂಗಲ್ಲಿ ತೆರೆಯೋ ಜೋಡಣೆ ಇರಲ್ಲ ಆದ್ರಿಂದ ದೊಡ್ಡ ಹಕ್ಕಿಗೆ ಆಮೇಲೆ ಹಾಕೋಕಾಗಲ್ಲ, ಮೋಸ ಆಗ್ಬಾರ್ದು ಅಂತಾನೇ ಹಂಗೆ ಮಾಡಿರೋದು. ಲೇಟಾದ್ರೆ ಬಲವಂತ ಮಾಡ್ಬೇಡಿ, ಬೆರಳು ಮುರಿಯುತ್ತೆ, ಆ ಹಕ್ಕಿನ ಮರಿ ತೆಗೆಯೋಕೆ ಇಟ್ಕೊಳಿ.

ಹಕ್ಕಿ ಕತ್ತು ತಿರುಗಿಸ್ಕೊಂಡು ಸುತ್ತಾ ಇದೆ, ನೀರು ನೀರಾಗಿ ಹಿಕ್ಕೆ ಹಾಕುತ್ತೆ. ಯಾರೋ ಒಂದು ಪುಡಿ ಕೊಡಿ ಅಂದ್ರು, ಕೊಡ್ಲಾ?

ಕೊಡ್ಬೇಡಿ. ಕತ್ತು ತಿರುಗೋದು ಹೆಚ್ಚಾಗಿ ಪ್ಯಾರಾಮಿಕ್ಸೋ ವೈರಸ್‌ದು, ಅದಕ್ಕೆ ಔಷಧಿ ಇಲ್ಲ, ಲಸಿಕೆ ಒಂದೇ ದಾರಿ, ಅದೂ ಬರೋಕೆ ಮುಂಚೆ. ಆ ಹಕ್ಕಿನ ಬೇರೆ ಇಟ್ಟು ಆಳವಾದ ಬಟ್ಟಲಲ್ಲಿ ಕಾಳು ಕೊಟ್ಟು ನೋಡ್ಕೊಂಡ್ರೆ ವಾರಗಳಲ್ಲಿ ಎಷ್ಟೋ ಚೇತರಿಸ್ಕೊಳ್ತವೆ. ಆದ್ರೆ ಸಾಲ್ಮೊನೆಲ್ಲಾದಲ್ಲೂ ಕತ್ತು ತಿರುಗಬಹುದು, ರೆಕ್ಕೆ ಜೋತು ಬೀಳಬಹುದು, ಅದಕ್ಕೆ ಔಷಧಿ ಇದೆ, ಅದಕ್ಕೇ ಹಿಕ್ಕೆ ಟೆಸ್ಟ್ ಮಾಡಿಸ್ದೆ ಊಹೆ ಮೇಲೆ ಪುಡಿ ಹಾಕೋದು ತಪ್ಪು. ಗಂಟಲಲ್ಲಿ ಹಳದಿ ಚೀಸ್ ತರ ಗಡ್ಡೆ ಇದ್ರೆ ಕ್ಯಾಂಕರ್, ಒಂದು ಸಣ್ಣ ಜೀವಿಯಿಂದ ಬರೋದು, ನೀರಿನ ಬಟ್ಟಲಿಂದ ಮತ್ತೆ ತಾಯಿ ಬಾಯಿಂದ ಮರಿಗೆ ಹರಡುತ್ತೆ. ಕಣ್ಣು ಕೊಕ್ಕಿನ ಸುತ್ತ ಗುಳ್ಳೆ ಇದ್ರೆ ಪಾಕ್ಸ್, ಸೊಳ್ಳೆ ಕಚ್ಚಿ ಬರೋದು, ಮಳೆಗಾಲದಲ್ಲಿ ಜಾಸ್ತಿ. ಗರಿ ಸಂದಿಲಿ ಚಪ್ಪಟೆ ನೊಣ ಓಡಾಡ್ತಿದ್ರೆ ಅದನ್ನೂ ಬಿಡ್ಬೇಡಿ, ರಕ್ತ ಹೀರೋದಲ್ದೆ ಪಾರಿವಾಳದ ಮಲೇರಿಯಾ ಹರಡೋದು ಅದೇ. ಬೆಂಗಳೂರಿನೋರು ಹೆಬ್ಬಾಳದ ವೆಟರ್ನರಿ ಕಾಲೇಜಿನಂಥ ಕಡೆ, ಬೇರೆಯವರು ಹತ್ತಿರದ ಪಶು ಆಸ್ಪತ್ರೇಲಿ ತೋರಿಸಿ. ಹೊಸ ಹಕ್ಕಿ ಯಾವುದೇ ಬರಲಿ ಮೂರು ವಾರ ಬೇರೆ ಇಟ್ಟೇ ಗೂಡಿಗೆ ಸೇರಿಸಿ, ಎಷ್ಟು ಹತ್ತಿರದ ಸ್ನೇಹಿತರು ಕೊಟ್ಟಿದ್ರೂ.

## ಪಳಗಿಸೋದು

ಮರಿ ಆಚೆ ಬಿಡೋಕೆ ಭಯ ಆಗುತ್ತೆ, ಹಾರಿ ಹೋಗ್ಬಿಟ್ರೆ?

ತಡ ಮಾಡಿದಷ್ಟೂ ಹಾರಿ ಹೋಗುತ್ತೆ, ಇದನ್ನ ಚೆನ್ನಾಗಿ ತಲೇಲಿಟ್ಕೊಳಿ. ತಾಯಿಯಿಂದ 25 ರಿಂದ 28 ದಿನಕ್ಕೆ ಬೇರೆ ಮಾಡ್ತೀವಲ್ಲ, ಆಗ್ಲಿಂದಾನೇ ದಿನಾ ಗೂಡಿನ ಮುಂದೆ ಒಂದು ಮೆಶ್ ಪಂಜರದಲ್ಲಿ ಕೂರಿಸಿ, ಸುತ್ತಲ ಮನೆ, ತೆಂಗಿನ ಮರ, ನೀರಿನ ಟ್ಯಾಂಕ್ ಎಲ್ಲ ನೋಡಲಿ. ಇನ್ನೂ ಜೋರಾಗಿ ಹಾರೋಕೆ ಬರದ ಐದನೇ ವಾರದಲ್ಲೇ ಸಂಜೆ, ಕಾಳು ಹಾಕೋ ಮುಂಚೆ, ಹೊಟ್ಟೆ ಹಸಿದಿರೋವಾಗ ಬಾಗಿಲು ತೆಗೀರಿ. ಹೆದರಿಸ್ಬೇಡಿ, ಓಡಿಸ್ಬೇಡಿ, ಎಸೀಬೇಡಿ, ಅದೇ ನಡ್ಕೊಂಡು ಆಚೆ ಬಂದು ಶೀಟ್ ಮೇಲೆ ಕೂತು ನೋಡಿ ವಾಪಸ್ ಹೋಗಲಿ. ಜೋರು ಗಾಳಿ ಇದ್ದ ದಿನ, ಪಕ್ಕದ ಮನೇಲಿ ಪಟಾಕಿ ಹೊಡೀತಿರೋ ದಿನ ಬೇಡ. ಮೊದಲ ಸಲಕ್ಕೆ ಎರಡು ತಿಂಗಳ ಬಲವಾದ ಮರಿನ ಬಿಟ್ರೆ ಒಂದೇ ಏಟಿಗೆ ಮೇಲಕ್ಕೆ ಹೋಗಿ ಗಾಳಿಗೆ ಸಿಕ್ಕಿ ದಿಕ್ಕು ತಪ್ಪುತ್ತೆ. ಮುಂದೆ ಎಂಟು ಹತ್ತು ವಾರ ಆದಾಗ ಗುಂಪು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಅರ್ಧ ಗಂಟೆ ಮುಕ್ಕಾಲು ಗಂಟೆ ಬಿಟ್ಟು ಬರೋಕೆ ಶುರು ಮಾಡ್ತವೆ, ಅದು ನೋಡೋಕೆ ಏನ್ ಖುಷಿ ಅಂತೀರಿ, ಆ ಹಂತ ಬಂದ್ರೇನೇ ಬುಟ್ಟಿ ಮಾತು.

ರೇಸಿಂದ ಬೇಗ ಬರುತ್ತೆ ಆದ್ರೆ ಶೀಟ್ ಮೇಲೆ ಕೂತು ಇಪ್ಪತ್ತು ನಿಮಿಷ ಒಳಗೆ ಬರಲ್ಲ, ಕಲ್ಲು ಹೊಡೀಬೇಕು ಅನ್ಸುತ್ತೆ.

ಕೋಪ ಅದರ ಮೇಲೆ ತೋರಿಸ್ಬೇಡಿ, ಇದು ನಾವು ಕಲಿಸಿದ ಅಭ್ಯಾಸ. ಹೊಟ್ಟೆ ತುಂಬಿ ಹಾರಿಸಿದ್ರೆ, ಒಳಗೆ ಬಂದ ತಕ್ಷಣ ಹಿಡಿದು ಕಾಲು ಎಳೆದು ಹಿಂಸೆ ಮಾಡಿದ್ರೆ ಯಾಕೆ ಬರುತ್ತೆ? ಮೊದಲ ದಿನದಿಂದ ಒಂದೇ ಶಬ್ದ ಇಟ್ಕೊಳಿ, ಶಿಳ್ಳೆಯೋ ಡಬ್ಬಿ ಕುಲುಕೋದೋ, ಆ ಶಬ್ದ ಕೇಳಿದ್ರೆ ಕಾಳು, ಕೇಳದೆ ಇದ್ರೆ ಕಾಳಿಲ್ಲ. ಒಳಗೆ ಹೋದ ತಕ್ಷಣ ಒಂದು ಚಿಟಿಕೆ ಶೇಂಗಾ ಚೂರೋ ಕುಸುಬೆನೋ ಸಿಗ್ಬೇಕು. ಹಾರಿಸಿ ಬಂದ್ಮೇಲೆ ಶೀಟ್ ಮೇಲೆ ಸುಮ್ನೆ ಕೂತು ಕಾಲ ಕಳೆಯೋಕೆ ಬಿಡ್ಬೇಡಿ, ಹಾರಬೇಕು, ಇಳೀಬೇಕು, ನೇರ ಒಳಗೆ. ರೇಸ್ ದಿನ ಟೆರೇಸ್ ಮೇಲೆ ಹತ್ತು ಜನ ಸ್ನೇಹಿತರು, ಹೊಸ ಬಣ್ಣದ ಟಾರ್ಪಲ್, ಪರಿಚಯ ಇಲ್ಲದ ನಾಯಿ ಇದ್ರೂ ಹಕ್ಕಿ ಇಳಿಯಲ್ಲ.

ಟಾಸ್ ಎಷ್ಟು ಕಿಲೋಮೀಟರಿಂದ ಶುರು ಮಾಡ್ಬೇಕು? ಎಷ್ಟು ಸಲ?

ಟಾಸ್ ಅಂದ್ರೆ ಹಕ್ಕಿನ ಬುಟ್ಟೀಲಿ ದೂರ ತಗೊಂಡು ಹೋಗಿ ಅಭ್ಯಾಸಕ್ಕೆ ಬಿಡೋದು. ಮೂರೂವರೆ ನಾಲ್ಕು ತಿಂಗಳ ಮರಿ, ಗೂಡಿನ ಸುತ್ತ ಚೆನ್ನಾಗಿ ಹಾರ್ತಾ ಇದ್ರೆ ಶುರು ಮಾಡಿ. ಅದಕ್ಕೂ ಮುಂಚೆ ಒಂದೆರಡು ರಾತ್ರಿ ಬುಟ್ಟೀಲೇ ಮಲಗಿಸಿ, ಬುಟ್ಟಿಯ ನೀರಿನ ಡಬ್ಬಿಯಿಂದ ಕುಡಿಯೋದು ಕಲೀಬೇಕು, ರೇಸ್ ಗಾಡೀಲಿ ನೀರು ಕುಡಿಯೋಕೆ ಬರದೆ ಬಾಯಾರಿದ ಹಕ್ಕಿ ಎಷ್ಟು ಬಲವಾಗಿದ್ರೂ ದಾರೀಲಿ ಕೂರುತ್ತೆ.

ಬೆಂಗಳೂರಿಂದ ಉತ್ತರ ದಿಕ್ಕಿಗೆ ಅಂತ ಇಟ್ಕೊಂಡ್ರೆ ಮೊದಲು 5 ಕಿಲೋಮೀಟರ್, ಆಮೇಲೆ 10, ಆಮೇಲೆ ಯಲಹಂಕ ದಾಟಿ ದೇವನಹಳ್ಳಿ ಸುಮಾರು 35, ಚಿಕ್ಕಬಳ್ಳಾಪುರ 50 ಚಿಲ್ಲರೆ, ಬಾಗೇಪಲ್ಲಿ 90ರ ಹತ್ರ, ಪೆನುಕೊಂಡ 120 ಚಿಲ್ಲರೆ. ಇದೆಲ್ಲ ಊರಿನ ಮಧ್ಯದಿಂದ ನೇರ ಗೆರೆ ಎಳೆದ ಲೆಕ್ಕ, ರಸ್ತೆ ಲೆಕ್ಕ ಅಲ್ಲ. ಒಂದು ಜಾಗದಿಂದ ಸುತ್ತಾಡ್ದೆ ನೇರ ಬಂದವು ಅಂತ ಆದ್ಮೇಲೇ ಮುಂದಿನ ಜಾಗ, ಕ್ಯಾಲೆಂಡರ್ ನೋಡ್ಕೊಂಡು ದೂರ ಹೆಚ್ಚಿಸ್ಬೇಡಿ. ಮೊದಲೆಲ್ಲ ಗುಂಪಾಗಿ ಬಿಡಿ, ಆಮೇಲೆ ನಾಲ್ಕೈದರಂತೆ, ಕೊನೆಗೆ ಒಂಟಿಯಾಗಿ, ಯಾಕಂದ್ರೆ ಬೇರೆ ಹಕ್ಕಿ ಬಾಲ ಹಿಡ್ಕೊಂಡು ಬರೋ ಹಕ್ಕಿ ತನ್ನ ಗೂಡಿಗೆ ತಿರುಗೋ ಜಾಗದಲ್ಲಿ ಧೈರ್ಯ ಮಾಡಲ್ಲ. ಡಿಸೆಂಬರ್ ಜನವರಿ ಬೆಳಗ್ಗೆ ದೇವನಹಳ್ಳಿ ನಂದಿಬೆಟ್ಟದ ಸುತ್ತ ದಟ್ಟ ಮಂಜಿರುತ್ತೆ, ಆಫೀಸಿಗೆ ಲೇಟಾಗುತ್ತೆ ಅಂತ ಮಂಜಲ್ಲೇ ಬುಟ್ಟಿ ತೆಗೆಯೋರಿದ್ದಾರೆ, ದಯವಿಟ್ಟು ಮಾಡ್ಬೇಡಿ. ಆ ಕಡೆ ಗುಡ್ಡ ಸ್ಪಷ್ಟ ಕಾಣೋವರೆಗೂ ಕಾಯಿರಿ, ಇಲ್ಲಾಂದ್ರೆ ಬುಟ್ಟಿ ವಾಪಸ್ ತನ್ನಿ.

ಗಿಡುಗ ದಿನಾ ಬರ್ತಿದೆ, ಏನಾದ್ರೂ ಮಾಡಿ ಅದನ್ನ ಹೊಡೆದು ಹಾಕ್ಬೋದಾ?

ಆಗಲ್ಲ, ಅವು ಕಾನೂನಿನ ರಕ್ಷಣೆ ಇರೋ ಹಕ್ಕಿಗಳು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹೊಡೆದ್ರೆ ಕೇಸು. ಮತ್ತೆ ಕಾನೂನು ಬಿಟ್ಟು ಹೇಳ್ತೀನಿ, ಆಕಾಶ ನಮ್ಮೊಬ್ರದ್ದೇ ಅಲ್ಲ. ಹದ್ದು ಆರೋಗ್ಯದ ಹೋಮರ್ ಹಿಡಿಯೋದು ಕಷ್ಟ, ಭಯ ಪಡ್ಬೇಕಾಗಿರೋದು ಡೇಗೆಗೆ, ಅಂದ್ರೆ ಫಾಲ್ಕನ್‌ಗೆ, ಮತ್ತೆ ಮರದ ಮರೆಯಿಂದ ಬರೋ ಶಿಕ್ರಾ ಅನ್ನೋ ಸಣ್ಣ ಗಿಡುಗಕ್ಕೆ. ದಿನಾ ಒಂದೇ ಟೈಮಿಗೆ ಬಿಡ್ಬೇಡಿ, ಹೊತ್ತು ಬದಲಾಯಿಸಿ, ಡೇಗೆ ಕಾಣಿಸ್ಕೊಂಡ ವಾರ ಸುಮ್ನೆ ಗೂಡಲ್ಲೇ ಇಡಿ, ಶೀಟ್ ಮೇಲೆ ಹಕ್ಕಿ ಕೂತು ನಿದ್ದೆ ಹೊಡೆಯೋಕೆ ಬಿಡ್ಬೇಡಿ. ನನ್ನ ಲೆಕ್ಕದಲ್ಲಿ ನಮ್ಮೂರ ಆಕಾಶದಲ್ಲಿ ಗಿಡುಗಕ್ಕಿಂತ ಕೆಟ್ಟದ್ದು ಗಾಳಿಪಟದ ನೈಲಾನ್ ಮಾಂಜಾ, ರೆಕ್ಕೆ ಬುಡಕ್ಕೆ ಸಿಕ್ರೆ ಮೂಳೆವರೆಗೂ ಕೊಯ್ಯುತ್ತೆ. ಗಾಳಿಪಟ ಜಾಸ್ತಿ ಇರೋ ದಿನಗಳಲ್ಲಿ ಬೆಳಗ್ಗೆ ಬೇಗ ಬಿಟ್ಟು ಗೂಡು ಸೇರಿಸಿ, ಬೀದಿ ಹುಡುಗರ ಹತ್ರ ಕೂತು ಮಾತಾಡಿ, ನೂಲಿನ ದಾರ ತಗೊಳೋಕೆ ಹೇಳಿ, ಕೇಳ್ತಾರೆ.

## ರೇಸ್

ನಮ್ಮ ಹಕ್ಕಿ 3 ನಿಮಿಷ ಮುಂಚೆ ಬಂದ್ರೂ ಅವರಿಗೆ ಫಸ್ಟ್ ಕೊಟ್ರು, ಇದು ಅನ್ಯಾಯ ಅಲ್ವಾ?

ಅನ್ಯಾಯ ಅಲ್ಲ. ಎಲ್ಲಾ ಹಕ್ಕಿನೂ ಒಂದೇ ಜಾಗದಿಂದ ಬಿಡ್ತಾರೆ, ಆದ್ರೆ ಒಬ್ಬೊಬ್ಬರ ಗೂಡು ಒಂದೊಂದು ಕಡೆ, ಅದಕ್ಕೇ ಗೆಲ್ಲೋದು ವೇಗ, ನಿಮಿಷಕ್ಕೆ ಎಷ್ಟು ಮೀಟರ್ ಅಂತ. ಕರ್ನೂಲಿಂದ ಬೆಳಗ್ಗೆ 7ಕ್ಕೆ ಬಿಟ್ರು ಅಂದ್ಕೊಳಿ. ನಿಮ್ಮ ಗೂಡು ಊರಿನ ಉತ್ತರದ ಕಡೆ, ದೂರ 316.2 ಕಿಲೋಮೀಟರ್, ಹಕ್ಕಿ 11 ಗಂಟೆ 57 ನಿಮಿಷಕ್ಕೆ ಬಂತು, 297 ನಿಮಿಷ, ವೇಗ 1064.6 ಮೀಟರ್. ಅವರ ಗೂಡು ದಕ್ಷಿಣಕ್ಕೆ, 321.4 ಕಿಲೋಮೀಟರ್, ಸರಿಯಾಗಿ 12ಕ್ಕೆ ಬಂತು, 300 ನಿಮಿಷ, ವೇಗ 1071.3. ಅವರು ಗೆದ್ರು. ಅದಕ್ಕೇ ಗೂಡಿನ ಅಕ್ಷಾಂಶ ರೇಖಾಂಶ ಕ್ಲಬ್ಬಿಗೆ ಸರಿಯಾಗಿ ಕೊಡಿ, ಮನೆ ಗೇಟಿಂದಲ್ಲ, ಗೂಡಿನ ಬಾಗಿಲಿಂದು. ಟೈಮ್ ಹಿಡಿಯೋದು ಹಳೇ ಪದ್ಧತೀಲಿ ಕಾಲಿನ ರಬ್ಬರ್ ರಿಂಗ್ ತೆಗೆದು ಸೀಲ್ ಮಾಡಿದ ಗಡಿಯಾರಕ್ಕೆ ಹಾಕಿ, ಹೊಸ ಪದ್ಧತೀಲಿ ಕಾಲಿನ ಚಿಪ್ ರಿಂಗ್ ಬಾಗಿಲ ಪ್ಯಾಡ್ ಮೇಲೆ ತಾನೇ ದಾಖಲಾಗುತ್ತೆ. ಗಾಳಿ ಹಿಂದಿಂದ ಬಂದ್ರೆ 1300 ದಾಟುತ್ತೆ, ಎದುರು ಬಂದ್ರೆ 900ಕ್ಕೂ ಇಳಿಯುತ್ತೆ.

ರೇಸ್ ವಾರ ಏನ್ ತಿನ್ನಿಸ್ಬೇಕು? ಬಾದಾಮಿ, ತುಪ್ಪ, ಬೂಸ್ಟರ್ ಅಂತೆಲ್ಲ ಹೇಳ್ತಾರೆ.

ಗಂಟೆಗಟ್ಟಲೆ ಹಾರೋ ಪಾರಿವಾಳ ಉರಿಸೋದು ಮುಖ್ಯವಾಗಿ ಕೊಬ್ಬು, ಇದು ಗೊತ್ತಿದ್ರೆ ಉಳಿದದ್ದು ಸುಲಭ. ಹಿಂದಿನ ರೇಸಿಂದ ಬಂದ ದಿನ ಮತ್ತೆ ಮಾರನೇ ದಿನ ಹಗುರ ಆಹಾರ, ಗೋಧಿ, ಬಾರ್ಲಿ, ಸಣ್ಣ ಕಾಳು, ನೀರಲ್ಲಿ ಸ್ವಲ್ಪ ಎಲೆಕ್ಟ್ರೋಲೈಟ್, ಮೈ ತೊಳೆಯೋಕೆ ಸ್ನಾನದ ತಟ್ಟೆ. ಅಲ್ಲಿಂದ ಸ್ವಲ್ಪ ಬಟಾಣಿ, ಹೆಸರು, ಮಾಂಸಖಂಡ ಸರಿ ಹೋಗೋಕೆ. ಬುಟ್ಟಿಗೆ ಹಾಕೋಕೆ ಮುಂಚಿನ ಮೂರು ದಿನ ಮೆಕ್ಕೆಜೋಳ ಹೆಚ್ಚಿಸಿ, ಕುಸುಬೆ, ಸೂರ್ಯಕಾಂತಿ, ಶೇಂಗಾ ಸೇರಿಸಿ. 100 ಕಿಲೋಮೀಟರಿಗೆ ಇಷ್ಟೆಲ್ಲ ಬೇಡ, ಭಾರ ಆಗುತ್ತೆ, 300 ದಾಟಿದ್ರೆ ಬೇಕೇ ಬೇಕು. ಬೂಸ್ಟರ್ ಹೆಸರಲ್ಲಿ ಸ್ಟೀರಾಯ್ಡ್ ಮಾರೋರಿದ್ದಾರೆ, ಒಂದು ಸೀಸನ್ ಹಾರಿ ಹಕ್ಕಿ ಮುಗಿದು ಹೋಗುತ್ತೆ, ಅಂಥದ್ದನ್ನ ಮನೆಗೇ ತರ್ಬೇಡಿ. ತಯಾರಾದ ಹಕ್ಕಿ ಹೇಗಿರುತ್ತೆ ಅಂದ್ರೆ ಮೂಗಿನ ಮೇಲಿನ ಗಂಟು ಬೆಳ್ಳಗೆ ಪುಡಿ ಹಚ್ಚಿದಂಗೆ, ಎದೆ ಚರ್ಮ ಗುಲಾಬಿ, ಮೈ ರೇಷ್ಮೆ, ಕೈಲಿ ಹಿಡಿದ್ರೆ ಗಾತ್ರಕ್ಕಿಂತ ಹಗುರ. ಇದು ಕಾಣದ ಹಕ್ಕಿನ ಆ ವಾರ ಮನೇಲೇ ಬಿಡಿ, ಎಂಟ್ರಿ ಫೀಸ್ ಹೋದ್ರೆ ಹೋಗಲಿ.

ವಿಡೋಹುಡ್ ಅಂತಾರಲ್ಲ ಅದು ಹೆಂಗೆ ಮಾಡೋದು? ಜೋಡಿಲೇ ಬಿಟ್ರೆ ಆಗಲ್ವಾ?

ಎರಡೂ ಆಗುತ್ತೆ. ವಿಡೋಹುಡ್ ಅಂದ್ರೆ ಗಂಡು ಹೆಣ್ಣು ಜೋಡಿಯಾಗಿ ಒಂದು ಸಲ ಮರಿ ಸಾಕಿ, ಎರಡನೇ ಸಲ ಮೊಟ್ಟೆ ಮೇಲೆ ಕೂತ್ಮೇಲೆ ಹೆಣ್ಣನ್ನ ಬೇರೆ ಮಾಡ್ತಾರೆ. ಗಂಡಿಗೆ ಅದರ ಗೂಡುಪೆಟ್ಟಿಗೆ ಮಾತ್ರ ಇರುತ್ತೆ. ರೇಸ್‌ಗೆ ಬುಟ್ಟಿ ತುಂಬೋ ಮುಂಚೆ ಐದತ್ತು ನಿಮಿಷ ಹೆಣ್ಣನ್ನ ತೋರಿಸಿ ತೆಗೆದುಬಿಡ್ತಾರೆ, ವಾಪಸ್ ಬಂದಾಗ ಹೆಣ್ಣು ಪೆಟ್ಟಿಗೇಲಿ ಕಾಯ್ತಾ ಇರ್ಬೇಕು, ಇದ್ದೇ ಇರ್ಬೇಕು, ಒಂದು ಸಲ ಮೋಸ ಮಾಡಿದ್ರೆ ಹಕ್ಕಿ ನಂಬಿಕೆ ಹೋಯ್ತು. ಎಷ್ಟು ದೂರ ಕಷ್ಟಪಟ್ಟು ಬಂತೋ ಅಷ್ಟು ಹೆಚ್ಚು ಹೊತ್ತು ಜೊತೇಲಿ ಬಿಡಿ. ಇದಕ್ಕೆ ಜಾಗ ಬೇಕು, ಹೆಣ್ಣುಗಳಿಗೆ ಬೇರೆ ಗೂಡು ಬೇಕು, ದಿನಾ ಒಂದೇ ಟೈಮಿಗೆ ನೀವು ಇರ್ಬೇಕು. ಕೆಲಸಕ್ಕೆ ಹೋಗೋರಿಗೆ ಜೋಡಿ ಪದ್ಧತಿನೇ ಸರಿ, ಅದರಲ್ಲಿ ಹತ್ತು ದಿನ ಮೊಟ್ಟೆ ಮೇಲೆ ಕೂತ ಹೆಣ್ಣು ಅಥವಾ ವಾರದ ಮರಿ ಇರೋ ಹೆಣ್ಣು ಪ್ರಾಣ ಕೊಟ್ಟು ಬರುತ್ತೆ. ಮೊಟ್ಟೆ ಇಡೋಕೆ ಎರಡು ಮೂರು ದಿನ ಇರೋ ಹೆಣ್ಣನ್ನ ಮಾತ್ರ ಯಾವ ಕಾರಣಕ್ಕೂ ಕಳಿಸ್ಬೇಡಿ.

ನಮ್ಮ ಟೆರೇಸಿಗೆ ಕಾಲಲ್ಲಿ ರಿಂಗ್ ಇರೋ ಪಾರಿವಾಳ ಬಂದು ಕೂತಿದೆ, ಪೊಲೀಸಿಗೆ ಹೇಳ್ಬೇಕಾ?

ಗಾಬರಿ ಬೇಡ, ಸುಸ್ತಾದ ರೇಸ್ ಹಕ್ಕಿ ಅದು. 2023ರಲ್ಲಿ ಮುಂಬೈ ಬಂದರಿನ ಹತ್ರ ಸಿಕ್ಕ ಒಂದು ಹಕ್ಕಿನ ಗೂಢಚಾರಿಕೆ ಅನುಮಾನದ ಮೇಲೆ ಎಂಟು ತಿಂಗಳು ಇಟ್ಕೊಂಡಿದ್ರು, ಕೊನೆಗೆ ಅದು ತೈವಾನಿನ ರೇಸ್ ಹಕ್ಕಿ ಅಂತ ಗೊತ್ತಾಗಿ 2024ರ ಜನವರಿ ಕೊನೇಲಿ ಬಿಟ್ರು, ಆ ಎಂಟು ತಿಂಗಳು ಅದರ ಆಯುಷ್ಯದಲ್ಲಿ ಹೋಯ್ತು. ನಮ್ಮ ದೇಶಕ್ಕೇನೂ ಈ ಹಕ್ಕಿ ಹೊಸದಲ್ಲ, ಒಡಿಶಾ ಪೊಲೀಸರೇ 1946ರಿಂದ ದಶಕಗಟ್ಟಲೆ ಪಾರಿವಾಳದಲ್ಲಿ ಸುದ್ದಿ ಕಳಿಸ್ತಿದ್ರು, 1982ರ ಪ್ರವಾಹದಲ್ಲಿ ತಂತಿ ಸಂಪರ್ಕ ಕಡಿದಾಗ ಅವೇ ಕೆಲಸಕ್ಕೆ ಬಂದಿದ್ದು. ನಿಮ್ಮನೆಗೆ ಬಂದ ಹಕ್ಕಿಗೆ ನೀರು ಮೊದಲು, ಆಮೇಲೆ ಸ್ವಲ್ಪ ಅಕ್ಕಿ ಗೋಧಿ, ನೆರಳು, ಒಂದೆರಡು ದಿನ ವಿಶ್ರಾಂತಿ, ಸಾಮಾನ್ಯವಾಗಿ ಅದೇ ಎದ್ದು ಹೋಗುತ್ತೆ. ರಿಂಗ್ ಅಕ್ಷರ ನಂಬರ್ ಬರೆದಿಟ್ಕೊಂಡು ಹತ್ತಿರದ ರೇಸ್ ಕ್ಲಬ್ಬಿಗೆ ತಿಳಿಸಿ. ಬೇರೆಯವರ ರಿಂಗ್ ಹಕ್ಕಿ ಬಚ್ಚಿಟ್ಕೊಂಡು ಮರಿ ತೆಗೆಯೋರಿಗೂ ಹೇಳ್ತೀನಿ, ಅಲ್ಲೊಬ್ರು ಟೆರೇಸ್ ಮೇಲೆ ಕತ್ತಲಾಗೋವರೆಗೂ ಆಕಾಶ ನೋಡ್ತಾ ನಿಂತಿರ್ತಾರೆ, ಬಿಟ್ಟುಬಿಡಿ.

## ಅನುಭವ ಆದೋರಿಗೆ

ಬೆಲ್ಜಿಯಂ ಬ್ಲಡ್ ಅಂತ ಲಕ್ಷ ಹೇಳ್ತಾರೆ, ಕಣ್ಣು ನೋಡಿ ಹಕ್ಕಿ ಆರಿಸ್ಬೋದು ಅಂತಾರೆ, ನಿಜನಾ?

ಬೆಲೆಗೆ ಮಿತಿ ಇಲ್ಲ, 2020ರ ನವೆಂಬರಲ್ಲಿ ನ್ಯೂ ಕಿಮ್ ಅನ್ನೋ ಎರಡು ವರ್ಷದ ಬೆಲ್ಜಿಯಂ ಹೆಣ್ಣು 16 ಲಕ್ಷ ಯೂರೋಗೆ ಹರಾಜಾಯ್ತು, ಹತ್ರ ಹತ್ರ 14 ಕೋಟಿ ರೂಪಾಯಿ. ರಕ್ತ ಮುಖ್ಯ ನಿಜ, ಆದ್ರೆ ಪೇಪರ್ ಮೇಲಿನ ಹೆಸರು ಅನಂತಪುರದ ಬಿಸಿಲಲ್ಲಿ ಹಾರಲ್ಲ. ತಂಪು ದೇಶದ ಹಕ್ಕಿ ಮೊಮ್ಮಕ್ಕಳಲ್ಲಿ ನಮ್ಮ ಬಿಸಿಲಿಗೆ ಯಾವುದು ನಿಲ್ಲುತ್ತೆ ಅಂತ ಇಲ್ಲೇ ಹಾರಿಸಿ ಆರಿಸ್ಬೇಕು. ಕಣ್ಣಿನ ಬಣ್ಣ, ಕಣ್ಣೊಳಗಿನ ಉಂಗುರ ನೋಡಿ ಗೆಲ್ಲೋ ಹಕ್ಕಿ ಹೇಳೋದನ್ನ ನಾನು ನಂಬಲ್ಲ, ಕಣ್ಣಲ್ಲಿ ಆರೋಗ್ಯ ಕಾಣುತ್ತೆ ಅಷ್ಟೇ. ಒಳ್ಳೇ ಗಂಡನ್ನ ಅದರ ಮೊಮ್ಮಗಳಿಗೇ ಜೋಡಿ ಹಾಕಿ ತಳಿ ಹಿಡಿಯೋದು ಮಾಡ್ತಾರೆ, ತಪ್ಪಲ್ಲ, ಆದ್ರೆ ಎರಡು ತಲೆಮಾರು ಆದ್ಮೇಲೆ ಹೊರಗಿನ ರಕ್ತ ತರ್ದೆ ಇದ್ರೆ ಮೊಟ್ಟೆ ಒಡೆಯಲ್ಲ, ಮರಿ ಸಣ್ಣ ಆಗುತ್ತೆ. ಯಾವ ಜೋಡಿಯ ಯಾವ ಮರಿ ಯಾವ ಜಾಗದಿಂದ ಎಷ್ಟು ಹೊತ್ತಿಗೆ ಬಂತು ಅಂತ ಒಂದು ನೋಟ್‌ಬುಕ್ ಇಡಿ, ಅದಕ್ಕಿಂತ ದೊಡ್ಡ ಪೆಡಿಗ್ರಿ, ಅಂದ್ರೆ ವಂಶಾವಳಿ, ಇಲ್ಲ.

ಗರಿ ಉದುರೋ ಟೈಮಲ್ಲಿ ಹಾರಿಸ್ಬೋದಾ? ರೆಕ್ಕೆಲಿ ಏನ್ ನೋಡ್ಬೇಕು?

ಒಂದು ರೆಕ್ಕೆಗೆ ಹೊರಗಿನ ದೊಡ್ಡ ಗರಿ ಹತ್ತು, ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬೀಳ್ತವೆ, ತಿಂಗಳುಗಟ್ಟಲೆ ನಡೆಯುತ್ತೆ. ಮೊದಲ ಮೂರ್ನಾಲ್ಕು ಗರಿ ಬಿದ್ರೆ ಹಾರೋಕೆ ಅಷ್ಟು ತೊಂದ್ರೆ ಇಲ್ಲ, ಕೊನೆಯ ಮೂರು ಗರಿ ಅರ್ಧ ಬೆಳೆದಿರೋವಾಗ, ಕತ್ತು ಮೈ ಗರಿ ರಾಶಿ ಉದುರೋವಾಗ ಬುಟ್ಟಿ ಮುಟ್ಟಲೇಬೇಡಿ. ಆ ಟೈಮಲ್ಲಿ ಅಗಸೆ, ಸೂರ್ಯಕಾಂತಿ, ಬಟಾಣಿ ಚೆನ್ನಾಗಿ ಕೊಟ್ಟು, ವಾರಕ್ಕೆರಡು ಸಲ ಸ್ನಾನ ಮಾಡಿಸಿ, ಜೋಡಿ ಬೇರೆ ಮಾಡಿ ನೆಮ್ಮದಿಯಾಗಿ ಬಿಡಿ. ಮುಂದಿನ ವರ್ಷದ ರೇಸ್ ಈ ಗರಿ ಮೇಲೇ ನಿಂತಿರೋದು. ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದ್ರೆ ಗರಿಗೆ ಅಡ್ಡ ಒಂದು ಗೆರೆ ಕಾಣಿಸಿದ್ರೆ ಆ ಗರಿ ಬೆಳೀವಾಗ ಹಕ್ಕಿ ಕಾಯಿಲೆ ಬಿದ್ದಿತ್ತೋ, ಹಸಿದಿತ್ತೋ, ಬೆದರಿತ್ತೋ ಅಂತ ಅರ್ಥ, ದೂರದ ರೇಸಲ್ಲಿ ಆ ಗೆರೆ ಹತ್ರಾನೇ ಮುರಿಯುತ್ತೆ. ಹಕ್ಕಿ ಕೊಳ್ಳೋವಾಗ್ಲೂ ಇದನ್ನ ಮೊದಲು ನೋಡಿ.

ಹೈದರಾಬಾದ್ ಚೆನ್ನಾಗಿ ಬಂದಿದೆ, ಮುಂದಿನ ವಾರ ನಾಗಪುರಕ್ಕೆ ಹಾಕ್ಲಾ?

ಹೈದರಾಬಾದ್ ಸುಮಾರು 500 ಕಿಲೋಮೀಟರ್, ಒಳ್ಳೇ ಹಕ್ಕಿ ಏಳೆಂಟು ಗಂಟೇಲಿ, ಅದೇ ದಿನ ಮಧ್ಯಾಹ್ನದ ಮೇಲೆ ಬರುತ್ತೆ. ನಾಗಪುರ 920ರ ಹತ್ರ, ನಿಮಿಷಕ್ಕೆ 1000 ಮೀಟರ್ ಹಿಡಿದ್ರೂ 15 ಗಂಟೆ ಮೇಲೆ ಬೇಕು, ಬೆಳಕಿರೋದು 12 ಗಂಟೆ, ಪಾರಿವಾಳ ರಾತ್ರಿ ಸಾಮಾನ್ಯವಾಗಿ ಹಾರಲ್ಲ. ಅಂದ್ರೆ ಒಂದು ರಾತ್ರಿ ಎಲ್ಲೋ ಹೊಲದ ಮರದಲ್ಲೋ ದೇವಸ್ಥಾನದಲ್ಲೋ ತಾನೇ ಜಾಗ ಹುಡ್ಕೊಂಡು, ತಾನೇ ನೀರು ಹುಡ್ಕೊಂಡು, ಬೆಳಗ್ಗೆ ತಾನೇ ಎದ್ದು ಹೊರಡ್ಬೇಕು, ಅದು ಬರೀ ರೆಕ್ಕೆ ಬಲದ ಮಾತಲ್ಲ. ಒಂದು ವರ್ಷದ ಹಕ್ಕಿನ ಇದಕ್ಕೆ ಹಾಕ್ಬೇಡಿ, ಎರಡು ಮೂರು ವರ್ಷ ಆಗಿ, ಹಿಂದಿನ ಸೀಸನಲ್ಲಿ 500 ಶಾಂತವಾಗಿ ಮುಗಿಸಿ, ಬಂದ ಮಾರನೇ ದಿನಾನೇ ಚೇತರಿಸ್ಕೊಂಡಿರೋದನ್ನ ಆರಿಸಿ. ಹೈದರಾಬಾದಿಂದ ಬಂದ್ಮೇಲೆ ಕಡೇಪಕ್ಷ ಮೂರು ವಾರ ಅಂತರ ಕೊಡಿ, ಮಧ್ಯ ಒಂದೆರಡು 50 ಕಿಲೋಮೀಟರ್ ಟಾಸ್ ಸಾಕು, ಕೊನೇ ವಾರ ಹೊಟ್ಟೆ ತುಂಬ ಕೊಬ್ಬಿನ ಕಾಳು. ದಿನ ನೋಡಿ, ಮಾರ್ಚ್ ಮಧ್ಯ ದಾಟಿ ತೆಲಂಗಾಣ, ರಾಯಲಸೀಮೆ 40 ಡಿಗ್ರಿ ಕಡೆ ಹೋಗ್ತಿದ್ರೆ ಕ್ಲಬ್ ಬಿಟ್ರೂ ನೀವು ಬುಟ್ಟಿ ಕಳಿಸ್ಬೇಡಿ. ಕಳಿಸಿದ್ಮೇಲೆ ಎರಡನೇ ದಿನ, ಮೂರನೇ ದಿನ, ವಾರವಾದ್ರೂ ಗೂಡಿನ ಬಾಗಿಲು ತೆರೆದೇ ಇರಲಿ, ನೀರು ಇಟ್ಟಿರಿ, ಅದರ ಪೆಟ್ಟಿಗೆಯನ್ನ ಬೇರೆ ಹಕ್ಕಿಗೆ ಕೊಡ್ಬೇಡಿ.